ಒಂದೇ ಒತ್ತಿನ ಆನೆ

ಆನೆ ಬಂದರೆ ತಿಳಿಸುವ ಮಿಷನ್ನು ನಮ್ಮ ಕಲ್ಲುಗುಡ್ಡೆಗೆ ಬಂದದ್ದು 2006ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚೆ ಆ ಕೆಲಸ ನಾನು ಮಾಡುತ್ತಿದ್ದೆ. ನನ್ನ ಹೆಸರು ದ್ರಾಕ್ಷಾಯಣಿ, ಹಾನುಬಾಳಿನ ದಾರಿಯಲ್ಲಿರುವ ಕಾಫಿ ಬೆಳೆಗಾರರ ಸಂಘದ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತೆ. ಬಾಯಿ ಜೋರು ಎಂದು ಊರಿನಲ್ಲಿ ಹೆಸರು. ಬಾಯಿ ಜೋರಿಲ್ಲದಿದ್ದರೆ ಆಗಿನ ಟೆಲಿಫೋನಿನಲ್ಲಿ ಆಚೆಯವರಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ ಎಂಬುದನ್ನು ಯಾರೂ ಯೋಚಿಸುವುದಿಲ್ಲ.

ನಮ್ಮ ಕ್ರಮ ಸರಳವಾಗಿತ್ತು. ಬೆಳಗಿನ ಜಾವ ಆನೆ ಕಂಡವರು ಫೋನಿರುವ ಮನೆಗೆ ಓಡುತ್ತಿದ್ದರು, ಆ ಮನೆಯವರು ಸಂಘಕ್ಕೆ ಫೋನು ಮಾಡುತ್ತಿದ್ದರು. ನಾನು ಆರೂವರೆಗೇ ಆಫೀಸಿನ ಬಾಗಿಲು ತೆಗೆದು ಕೂತಿರುತ್ತಿದ್ದೆ. ಮೂರು ಪ್ರಶ್ನೆ ಕೇಳುತ್ತಿದ್ದೆ: ಎಲ್ಲಿ, ಎಷ್ಟು, ಯಾವ ಕಡೆಗೆ ಮುಖ. ಕುಡಿದವನ ದನಿ ಎನ್ನಿಸಿದರೆ ನಾಲ್ಕನೆಯದೊಂದಿತ್ತು, ನಿನ್ನ ಹೆಂಡತಿಯ ಕೈಗೆ ಫೋನು ಕೊಡು ಅಂತ. ಆಮೇಲೆ ಎಂಟು ಎಸ್ಟೇಟುಗಳಲ್ಲಿ ಆಳುಗಳ ಹಾಜರಿ ಬರೆದು ಕೆಲಸ ಹಂಚುವ ರೈಟರುಗಳಿಗೂ ನಾನೇ ಫೋನು ಮಾಡುತ್ತಿದ್ದೆ. ಏಳೂವರೆಗೆ ಆಳುಗಳು ಜೀಪು ಹತ್ತುವಷ್ಟರಲ್ಲಿ ಯಾವ ತೋಟದ ಯಾವ ಬ್ಲಾಕಿಗೆ ಹೋಗಬಾರದು ಎಂಬುದು ಎಲ್ಲರಿಗೂ ಗೊತ್ತಾಗಿರುತ್ತಿತ್ತು.

ಇದರಲ್ಲಿ ಕೊರತೆ ಇರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಫೋನು ಸಾಯುತ್ತಿತ್ತು. 2005ರ ಜುಲೈನಲ್ಲಿ ನಾಲ್ಕು ದಿನ ಹಾಗೆ ಸತ್ತಿತ್ತು. ಮೂರನೆಯ ದಿನ ಕಳೆ ತೆಗೆಯಲು ಹೋದ ಹೆಂಗಸೊಬ್ಬಳನ್ನು ಒಂಟಿ ಸಲಗ ತುಳಿದು ಕೊಂದಿತು. ಅವಳು ಹುಲಿಯಮ್ಮನ ಓರಗಿತ್ತಿ. ಹುಲಿಯಮ್ಮ ಎಂದರೆ ಹೊಳೆಯಂಚಿನ ಎಸ್ಟೇಟಿನಲ್ಲಿ ಹದಿನಾಲ್ಕು ಹೆಂಗಸರ ಗುಂಪಿಗೆ ಮೇಸ್ತ್ರಿ. ಓದು ಬರಹ ಬಾರದು, ಆದರೆ ಯಾವ ಗಿಡದಲ್ಲಿ ಎಷ್ಟು ಹಣ್ಣು ಇಳಿಯುತ್ತದೆಂದು ರೈಟರನಿಗಿಂತ ಮೊದಲೇ ಹೇಳುವವಳು.

ಅವಳು ಸಂಘದ ಸಭೆಗೆ ಬಂದು ಬಾಗಿಲಲ್ಲಿ ನಿಂತು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ಅಯ್ಯಾವ್ರೆ, ಸತ್ತೋಳಂತೂ ಸತ್ತೋದ್ಲು. ನನ್ ಗುಂಪಲ್ಲಿ ಇನ್ನೂ ಹದ್ನಾಕ್ ಜನ ಅವ್ರೆ. ತ್ವಾಟದೊಳಕ್ಕೆ ಕಾಲಿಡಕ್ ಮುಂಚೆ ಆನೆ ಐತೋ ಇಲ್ವೋ ಗೊತ್ತಾಗಂಗೆ ಏನಾರ ಮಾಡಿ. ನಾನ್ ಇನ್ನೇನೂ ಕೇಳಾಕಿಲ್ಲ."

ಅವಳು ಕೇಳಿದ್ದು ಇಷ್ಟು. ಸಂಘದವರು ಮಾಡಿದ್ದು ನೋಡಿ.

ನಮ್ಮ ಅಧ್ಯಕ್ಷರು ಚನ್ನಬಸವಯ್ಯನವರು. ಎಂಬತ್ತು ಎಕರೆ ಕಾಫಿ, ಬಾಳ್ಳುಪೇಟೆಯಲ್ಲಿ ಗೊಬ್ಬರದ ಅಂಗಡಿ, ಮನೆಯಲ್ಲಿ ಕಸೂತಿ ಬಟ್ಟೆ ಹೊದಿಸಿಟ್ಟ ಒಂದು ಕಂಪ್ಯೂಟರು. ಆ ಬಟ್ಟೆ ತೆಗೆದದ್ದನ್ನು ನಾನು ಕಂಡಿಲ್ಲ. ಅವರು ಬೆಂಗಳೂರಿಗೆ ಮದುವೆಗೆ ಹೋದಾಗ ಸುಗಮ್ ಇನ್ಫೋ ಎಂಬ ಕಂಪನಿಯ ಯಾರದೋ ಪರಿಚಯವಾಯಿತು. ಊಟದ ಎಲೆ ಎತ್ತುವಷ್ಟರಲ್ಲಿ ನಮ್ಮೂರಿಗೆ ಮುಟ್ಟಿದರೆ ಕೆಲಸ ಮಾಡುವ ಕಂಪ್ಯೂಟರು ಬರುವುದೆಂದು ತೀರ್ಮಾನವೂ ಆಗಿತ್ತು.

ಕಂಪನಿಯಿಂದ ಅಭಿಲಾಷ್ ಎಂಬ ಹುಡುಗ ಬಂದ. ಇಪ್ಪತ್ತಾರು ವರ್ಷ, ದಪ್ಪ ಕನ್ನಡಕ, ಒಳ್ಳೆಯ ಸ್ವಭಾವ. ಅವನ ಬಗ್ಗೆ ಕೆಟ್ಟದ್ದು ಹೇಳಿದರೆ ನನ್ನ ನಾಲಿಗೆ ಸೇದಿಹೋಗಲಿ. ಅವನ ತಪ್ಪೆಂದರೆ ತುಂಬ ಓದಿಕೊಂಡಿದ್ದು ಮತ್ತು ನಮ್ಮ ಪ್ಲಾಂಟರುಗಳ ಮನೆಯಲ್ಲಿ ಉಳಿದುಕೊಂಡಿದ್ದು. ಮೂರು ದಿನ ಕಡುಬು ಹಂದಿಮಾಂಸ ತಿಂದು ನಾಲ್ಕನೆಯ ದಿನ ಅವರ ಕ್ಲಬ್ಬಿನ ಗೋಡೆಗೆ ಬೆಡ್‌ಶೀಟು ಕಟ್ಟಿಸಿ ಅದರ ಮೇಲೆ ಬೆಳಕು ಬಿಟ್ಟು ಪಾಠ ಮಾಡಿದ. ಒಳ್ಳೆಯ ಪರದೆ ಎಂದರೆ ನೋಡಿದವನು ತಲೆ ಕೆಡಿಸಿಕೊಳ್ಳದೆ ಕೈ ಹಾಕುವಂತಿರಬೇಕು. ಒತ್ತುವ ಜಾಗ ದೊಡ್ಡದಿರಬೇಕು, ದೊಡ್ಡದಿದ್ದರೆ ಬೆರಳು ತಪ್ಪುವುದಿಲ್ಲ. ಒತ್ತಿದ ಮೇಲೆ ಯಂತ್ರ ಉತ್ತರ ಕೊಡಬೇಕು, ಇಲ್ಲದಿದ್ದರೆ ಒತ್ತಿದವನಿಗೆ ಸಮಾಧಾನವಿರುವುದಿಲ್ಲ. ಓದು ಬಾರದವರಿಗೆ ಚಿತ್ರವೇ ಅಕ್ಷರ. ಎಲ್ಲವೂ ಸರಿಯಾದ ಮಾತು. ನಾನು ಮನಸ್ಸಿನಲ್ಲೇ ತಲೆದೂಗಿದೆ. ಕೊನೆಗೆ ಅವನು ಹೇಳಿದ್ದು, ಬಳಸುವವರನ್ನು ದೂರದಿಂದ ಗಮನಿಸಬೇಕು, ಮಧ್ಯೆ ಬಾಯಿ ಹಾಕಬಾರದು, ಸಹಾಯ ಮಾಡಿದರೆ ಡೇಟಾ ಕೆಡುತ್ತದೆ.

ಆಮೇಲೆ ಪರೀಕ್ಷೆ ನಡೆಯಿತು. ಯಾರ ಮೇಲೆ? ಅಲ್ಲೇ ಕೂತಿದ್ದ ಐದು ಜನ ಪ್ಲಾಂಟರುಗಳ ಮೇಲೆ. ಐವರೂ ಒಬ್ಬರಾದ ಮೇಲೊಬ್ಬರು ಎದ್ದು, ಅವನು ತಂದಿದ್ದ ಮಿಷನ್ನಿನ ಪರದೆಯ ಮೇಲಿನ ಆನೆಯನ್ನು ಬೆರಳಿನಿಂದ ಒತ್ತಿದರು. ಊಟ ಜಾಸ್ತಿಯಾಗಿದ್ದ ಒಬ್ಬರು ಮೊಣಕೈಯಿಂದ ಒತ್ತಿದರು, ಅದಕ್ಕೂ ಕೆಲಸ ಮಾಡಿತು. ನೂರಕ್ಕೆ ನೂರು ಪಾಸು ಎಂದು ಚಪ್ಪಾಳೆ ಬಿತ್ತು.

ನಾನು ಹಿಂದಿನಿಂದ ಎದ್ದು ಕೇಳಿದೆ. "ಇದನ್ನ ಹುಲಿಯಮ್ಮನಿಗೆ ತೋರಿಸಿದ್ರಾ?"

"ಅವಳಿಗೇನ್ ತೋರ್ಸೋದು ಕಣಮ್ಮ," ಎಂದರು ಚನ್ನಬಸವಯ್ಯ. "ರೆಡಿಯಾದ್ಮೇಲೆ ನೋಡ್ತಾಳೆ ಬಿಡು."

"ಎಲ್ಲಿ, ಎಷ್ಟು, ಯಾವ ಕಡೆಗೆ ಅಂತ ಕೇಳೋದೇ ಇಲ್ವಲ್ಲ ಇದು?"

ಅಭಿಲಾಷ್ ತುಂಬ ಮರ್ಯಾದೆಯಿಂದ ಉತ್ತರ ಕೊಟ್ಟ. "ಅದು ಸೆಕೆಂಡ್ ಫೇಸಲ್ಲಿ ಬರುತ್ತೆ ಮೇಡಂ. ಈಗ ಒಂದೇ ಒತ್ತು, ಎಂಟೂ ರೈಟರ್‌ಗಳ ಮೊಬೈಲಿಗೆ ಮೆಸೇಜ್. ಮತ್ತೆ ಬೇಜಾರ್ ಮಾಡ್ಕೋಬೇಡಿ, ನೀವು ಹದಿನೆಂಟು ವರ್ಷದಿಂದ ಈ ಕೆಲಸದಲ್ಲಿದೀರ. ಅದಕ್ಕೇ ನೀವು ಯೂಸರ್ ಅಲ್ಲ. ನಿಮ್ ಒಪೀನಿಯನ್ ತಗೊಂಡ್ರೆ ಡಿಸೈನ್ ಕೆಡುತ್ತೆ."

ಐವರು ಪ್ಲಾಂಟರುಗಳು ನಕ್ಕರು. ಹದಿನೆಂಟು ವರ್ಷ ಕೂಗಿ ಕೂಗಿ ಗಂಟಲು ಹರಿದುಕೊಂಡವಳಿಗೆ ಸಿಕ್ಕ ಸನ್ಮಾನ ಇದು. ನನಗೆ ಮೈಯೆಲ್ಲ ಉರಿದುಹೋಯಿತು. ಇರಲಿ, ಇವರೇ ಅನುಭವಿಸಲಿ ಎಂದು ಅಂದುಕೊಂಡು ಕೂತುಬಿಟ್ಟೆ. ಆ 'ಇರಲಿ'ಯೇ ಮುಂದಿನ ಎಲ್ಲಕ್ಕೂ ಮೂಲ.

ಚಿತ್ರದ ಕಥೆ ಇನ್ನೊಂದು. ಅಭಿಲಾಷ್ ಮೊದಲು ಹಾಕಿದ್ದು ನಿಜವಾದ ಕಾಡಾನೆಯ ಫೋಟೊ. ಮೈಗೆಲ್ಲ ಕೆಸರು ಮೆತ್ತಿಕೊಂಡು, ಒಂದು ಕಿವಿ ಹರಿದು, ನೋಡಿದರೇ ಎದೆ ಝಲ್ಲೆನ್ನುವಂತಿತ್ತು. ಚನ್ನಬಸವಯ್ಯನವರಿಗೆ ಅದು ಹಿಡಿಸಲಿಲ್ಲ. "ಇದೇನ್ರೀ, ಒಳ್ಳೆ ಕಸದ ಗುಂಡಿಯಿಂದ ಎದ್ದು ಬಂದಂಗೈತೆ. ಉದ್ಘಾಟನೆಗೆ ದೊಡ್ಡೋರು ಬರ್ತಾರೆ. ಸ್ವಲ್ಪ ಲಕ್ಷಣವಾಗಿರ್ಲಿ ಮಾರಾಯ್ರೆ." ಹುಡುಗ ಲಕ್ಷಣವಾಗಿಯೇ ಬರೆಸಿ ತಂದ. ಸೊಂಡಿಲು ಮೇಲೆತ್ತಿದ ಆನೆ. ಹಣೆಗೆ ಕೆಂಪು ಹಳದಿ ಪಟ್ಟೆ, ದಂತಕ್ಕೆ ಬಂಗಾರದ ಬಳೆ, ಸಣ್ಣ ಕಣ್ಣಿನಲ್ಲಿ ಒಂದು ತರಹದ ಕರುಣೆ. ಪರದೆಯ ತುಂಬ ಅದೇ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂಬ ಗಾದೆ ಇದೆಯಲ್ಲ, ಇವರು ಆನೆ ಮಾಡಲು ಹೋಗಿ ಗಣಪತಿಯನ್ನು ಮಾಡಿದ್ದರು.

ಡಿಸೆಂಬರ್ ನಾಲ್ಕು, ಸೋಮವಾರ, ಉದ್ಘಾಟನೆ. ಜೀಪು ನಿಲ್ಲುವ ಜಾಗಕ್ಕೆ ಎದುರಾಗಿ, ನಮ್ಮ ಆಫೀಸಿನ ಜಗಲಿಯ ಮೇಲೆ ಎತ್ತರದ ಕಟ್ಟೆ ಕಟ್ಟಿಸಿ ಮಿಷನ್ನು ಇಟ್ಟಿದ್ದರು. ಮಳೆ ಬೀಳದಿರಲೆಂದು ಮೇಲೊಂದು ಸಣ್ಣ ಮಾಡು. ಮಠದ ಅಯ್ಯನವರು ಬಂದು ಪೂಜೆ ಮಾಡಿದರು. ಪರದೆಯ ಚೌಕಟ್ಟಿಗೆ ವಿಭೂತಿ ಕುಂಕುಮ, ಸೇವಂತಿಗೆ ಹಾರ, ಮಂಗಳಾರತಿ, ಒಡೆದ ತೆಂಗಿನಕಾಯಿ. ಎಲ್ಲ ಆದ ಮೇಲೆ ಚನ್ನಬಸವಯ್ಯನವರು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಆನೆಯ ಪಾದದ ಹತ್ತಿರ ಒತ್ತಿದರು. ಮಿಷನ್ನು ಢಣ್ ಎಂದು ಗಂಟೆ ಬಾರಿಸಿತು. ಆಮೇಲೆ ಮೆತ್ತನೆಯ ಹೆಣ್ಣುದನಿ: "ನಿಮ್ಮ ಮಾತು ತಲುಪಿದೆ. ಶೀಘ್ರ ಕ್ರಮ ಕೈಗೊಳ್ಳಲಾಗುವುದು."

ಇಡೀ ಊರು ನಿಂತು ನೋಡಿತು. ಎಷ್ಟೋ ವರ್ಷದಿಂದ ಎಷ್ಟೋ ದೇವರಿಗೆ ಕೈ ಮುಗಿದ ಜನ. ಇಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟ ದೇವರನ್ನು ಅವರು ಕಂಡಿರಲಿಲ್ಲ.

ಅದೇ ದಿನ ಮಧ್ಯಾಹ್ನ ಅಧ್ಯಕ್ಷರ ಅಪ್ಪಣೆಯಾಯಿತು. ಇನ್ನು ಮೇಲೆ ಆನೆಯ ವಿಷಯಕ್ಕೆ ಫೋನು ತೆಗೆದುಕೊಳ್ಳಕೂಡದು, ಎರಡು ಕಡೆಯಿಂದ ಬಂದರೆ ಡೇಟಾ ಕೆಡುತ್ತದೆ. ಊರೂರಿಗೂ ಸುದ್ದಿ ಕಳಿಸಿದರು. 'ಆನೆ ಕಂಡರೆ ಮಿಷನ್ನಿನಲ್ಲೇ ಒತ್ತಿ' ಎಂಬ ಬೋರ್ಡನ್ನು ಬಾಗಿಲಿಗೆ ಹೊಡೆದವಳು ನಾನೇ. ಮೊಳೆಗೆ ಬೇಕಾದ್ದಕ್ಕಿಂತ ಎರಡೇಟು ಜಾಸ್ತಿ ಹೊಡೆದೆ.

ಮಾರನೆಯ ದಿನ ಮಂಗಳವಾರ. ಅಭ್ಯಾಸಬಲದಿಂದ ಆರೂವರೆಗೇ ಆಫೀಸಿಗೆ ಬಂದು ಕಿಟಕಿಯ ಗಾಜು ಮುಚ್ಚಿಕೊಂಡು ಕೂತಿದ್ದೆ. ಏಳು ಗಂಟೆಗೆ ಹಣ್ಣು ಕೊಯ್ಯುವ ಹೆಂಗಸರು ಜೀಪಿಗೆ ಬಂದು ನಿಂತರು. ಮೊದಲು ಹುಲಿಯಮ್ಮ. ಜಗಲಿಯ ಕೆಳಗೆ ಚಪ್ಪಲಿ ಬಿಟ್ಟಳು, ಮೇಲೆ ಬಂದಳು, ಎರಡೂ ಕೈಯಿಂದ ಆನೆಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಢಣ್. ನಿಮ್ಮ ಮಾತು ತಲುಪಿದೆ. ಅವಳ ಹಿಂದೆ ಅವಳ ಸೊಸೆ ಗಂಗಾಮಣಿ. ಢಣ್. ಶೀಘ್ರ ಕ್ರಮ ಕೈಗೊಳ್ಳಲಾಗುವುದು. ಗಂಗಾಮಣಿ ಒಂದು ಸೇವಂತಿಗೆ ಹೂವನ್ನೂ ಚೌಕಟ್ಟಿಗೆ ಸಿಕ್ಕಿಸಿದಳು. ಸಾಲಾಗಿ ಎಲ್ಲರೂ ಬಂದರು. ಅವತ್ತು ಒಟ್ಟು ನಲವತ್ತಮೂರು ಢಣ್.

ಎಂಟು ಎಸ್ಟೇಟಿನ ರೈಟರುಗಳ ಮೊಬೈಲಿಗೆ ನಲವತ್ತಮೂರು ಆನೆಯ ಮೆಸೇಜು ಹೋಯಿತು. ಕಾಡಿನ ಆನೆಗಳೆಲ್ಲ ಸಂಘದ ಮುಂದೆ ಬಂದು ಹಾಜರಿ ಹಾಕಿದವೆಂದು ಅವರು ತಿಳಿದರು. ಆಳುಗಳನ್ನೆಲ್ಲ ಕಾಫಿ ಕಣದಲ್ಲೇ ಕೂರಿಸಿ, ಕಾವಲಿನವರನ್ನು ಗುಡ್ಡಗುಡ್ಡಕ್ಕೂ ಓಡಿಸಿದರು. ಹನ್ನೊಂದರವರೆಗೆ ಒಂದು ಹಣ್ಣೂ ಕೊಯ್ಯಲಿಲ್ಲ. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಒಬ್ಬ ರೈಟರು ಮೊಬೈಲನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ವಾರದೊಳಗೆ ಎಂಟು ಮೊಬೈಲುಗಳೂ ಎಂಟು ಡ್ರಾಯರುಗಳಲ್ಲಿದ್ದವು.

ಬೆಂಗಳೂರಿನ ಅಭಿಲಾಷನಿಗೆ ಇಷ್ಟೇ ಕಂಡದ್ದು, ಜನ ತಪ್ಪು ತಪ್ಪಾಗಿ ಒತ್ತುತ್ತಿದ್ದಾರೆ ಎಂದು. ಯಾಕೆ ಎಂಬುದು ಅಲ್ಲಿಂದ ಕಾಣುವುದಿಲ್ಲ. ಬಂದವನು ಒಂದು ದಿನ ಮಧ್ಯಾಹ್ನ ಇದ್ದು, ಜೀಪು ನಿಲ್ಲುವ ಹೊತ್ತನ್ನು ನೋಡದೆ, ಒಂದು ಫಾರಂ ಸೇರಿಸಿ ಹೋದ. ಆನೆಯನ್ನು ಒತ್ತಿದ ಕೂಡಲೇ 'ನಿಮ್ಮ ಆನೆಯನ್ನು ಆಯ್ಕೆ ಮಾಡಿ' ಎಂದು ಬರುತ್ತಿತ್ತು. ಆಮೇಲೆ ಹೆಸರು, ವಯಸ್ಸು, ಮೊಬೈಲು. ಆನೆಯ ಎತ್ತರ ಅಡಿಯಲ್ಲಿ, ದಂತ ಇಂಚಿನಲ್ಲಿ. ಕೊನೆಗೆ ಈಮೇಲು, ಅದು ಕಡ್ಡಾಯ. ಅರ್ಧ ನಿಮಿಷ ತಡಮಾಡಿದರೆ 'ಸಮಯ ಮುಗಿದಿದೆ, ಮೊದಲಿನಿಂದ ಆರಂಭಿಸಿ'. ಸಲಗದ ದಂತ ಅಳೆಯಲು ಟೇಪು ಹಿಡಿದು ಹೋದವನ ಸಮಯ ಅಲ್ಲೇ ಮುಗಿಯುತ್ತದೆ, ಇದರ ಅಪ್ಪಣೆಗೆ ಕಾಯಬೇಕಿಲ್ಲ.

ಫಾರಂ ಬಂದ ಮೇಲೆ ನಾಲ್ಕು ದಿನ ಒಂದು ವರದಿಯೂ ಹೋಗಲಿಲ್ಲ. ಗಂಟೆ ಬಾರಿಸದ ದೇವರ ಮುಂದೆ ಹೆಂಗಸರು ಕೈ ಮುಗಿದು ಸುಮ್ಮನೆ ಜೀಪು ಹತ್ತುತ್ತಿದ್ದರು. ಐದನೆಯ ದಿನ ಆನೆ ನುಗ್ಗಿದ್ದು ಚನ್ನಬಸವಯ್ಯನವರ ತೋಟಕ್ಕೇ. ಪಂಪಿನ ಮನೆಯ ಹೆಂಚು ಪುಡಿ ಮಾಡಿತು. ಅವರು ಏದುಸಿರು ಬಿಡುತ್ತಾ ಬಂದು ಮಿಷನ್ನಿನ ಮುಂದೆ ನಿಂತರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ದಂತದ ಇಂಚಿನವರೆಗೆ ಮೂರು ಸಲ ಹೋದರು, ಮೂರು ಸಲವೂ ಮೊದಲಿನಿಂದ ಆರಂಭಿಸಿದರು. ನಾಲ್ಕನೆಯ ಸಲ ಮಿಷನ್ನಿಗೆ ಅಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಸಂಜೆಯೊಳಗೆ ಫಾರಂ ಹೋಯಿತು, ಒಂದೇ ಒತ್ತು ವಾಪಸ್ಸು ಬಂತು, ಮಾರನೆಯ ದಿನದಿಂದ ಮತ್ತೆ ಢಣ್ ಢಣ್.

ಈಗ ನನ್ನ ವಿಷಯ ಹೇಳಬೇಕು. ರೋಗ ಏನೆಂದು ನನಗೆ ಮೊದಲನೆಯ ದಿನವೇ ಗೊತ್ತಿತ್ತು. ಹಣೆಯ ಪಟ್ಟೆ ಅಳಿಸಿ, ಆ ಕೆಸರು ಮೆತ್ತಿದ ಫೋಟೊ ಹಾಕಿದ್ದರೆ ಒಬ್ಬರೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿರಲಿಲ್ಲ. ಅಭಿಲಾಷನಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ನಾನು ಯೂಸರ್ ಅಲ್ಲವಲ್ಲ! ಅದರ ಬದಲು ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದು ದಿನಾ ಬರೆಯತೊಡಗಿದೆ. ಯಾರು ಬಂದರು, ಎಷ್ಟು ಗಂಟೆಗೆ, ಚಪ್ಪಲಿ ಬಿಟ್ಟರೋ ಇಲ್ಲವೋ, ಎಷ್ಟು ಸಲ ಮುಟ್ಟಿದರು. ಜನವರಿ ಇಪ್ಪತ್ತೆರಡಕ್ಕೆ ಪರಿಶೀಲನಾ ಸಭೆಯೆಂದು ಗೊತ್ತಾಗಿತ್ತು. ಅವತ್ತು ಎಲ್ಲರೆದುರು ಈ ನೋಟ್‌ಬುಕ್ ಬಿಚ್ಚಿ ಒಂದೊಂದೇ ಪುಟ ಓದಬೇಕು, ಅಂದು ನಕ್ಕ ಆ ಐವರ ಮುಖ ನೋಡಬೇಕು. ಏಳು ವಾರ ಈ ಒಂದು ಆಸೆಯಲ್ಲಿ ನನಗೆ ಚಳಿಯೇ ಗೊತ್ತಾಗಲಿಲ್ಲ.

ರೈಟರುಗಳು ಮೊಬೈಲು ಡ್ರಾಯರಿಗೆ ಹಾಕಿದ್ದು ನನಗೆ ಗೊತ್ತಿತ್ತು. ಅಂದರೆ ಯಾರಾದರೂ ನಿಜವಾಗಿ ಆನೆ ಕಂಡು ಒತ್ತಿದರೂ ಆ ಸುದ್ದಿ ಎಲ್ಲಿಗೂ ಮುಟ್ಟುವುದಿಲ್ಲ ಎಂದೂ ಗೊತ್ತಿತ್ತು. ಆರು ವಾರದಿಂದ ಯಾರಿಗೂ ಏನೂ ಆಗಿಲ್ಲವಲ್ಲ, ಇನ್ನೊಂದು ವಾರ ತಾನೇ ಎಂದು ದಿನ ತಳ್ಳಿದೆ. ಹುಲಿಯಮ್ಮ ಒಂದು ದಿನ ಜಗಲಿಯ ಮೇಲೆ ಸಿಕ್ಕಿ, "ಮಿಷನ್ನು ಬಂದ್ಮೇಲೆ ಧೈರ್ಯ ಕಣ್ರಮ್ಮೋರೆ. ದಿನಾ ಕೇಳ್ಕಂಡೇ ಒಳಕ್ಕೋಗದು" ಎಂದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿ ನಾನು ಯಾವತ್ತೂ ಕಂಡಿರಲಿಲ್ಲ. "ಹೂಂ ಕಣಮ್ಮ" ಎಂದು ಒಳಗೆ ಬಂದೆ.

ಜನವರಿ ಇಪ್ಪತ್ತೆರಡು, ಸೋಮವಾರ. ಮಂಜು ಎಷ್ಟಿತ್ತೆಂದರೆ ಜೀಪು ನಿಲ್ಲುವ ಜಾಗವೂ ಸರಿಯಾಗಿ ಕಾಣುತ್ತಿರಲಿಲ್ಲ. ಆರೂ ನಲವತ್ತಕ್ಕೆ ಒಬ್ಬ ಸೈಕಲ್ಲಿನಲ್ಲಿ ಬಂದು ಮಿಷನ್ನು ಮುಟ್ಟಿ ಹೋದ, ಬರೆದುಕೊಂಡೆ. ಏಳಕ್ಕೆ ಹೆಂಗಸರು ಬಂದರು. ಸೋಮವಾರವಾದ್ದರಿಂದ ಸಾಲು ಉದ್ದವಿತ್ತು, ಮೂವತ್ತೆಂಟು ಬರೆದುಕೊಂಡೆ. ಜೀಪು ಹೋಯಿತು. ನಾನು ಹನ್ನೊಂದರ ಸಭೆಗೆಂದು ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದೆ.

ಎಂಟೂಕಾಲಿಗೆ ಹೊಳೆಯಂಚಿನ ಎಸ್ಟೇಟಿನ ಕಡೆಯಿಂದ ಕಿರುಚಾಟ ಕೇಳಿಸಿತು. ಹುಲಿಯಮ್ಮನ ಗುಂಪು ಹಣ್ಣು ಕೊಯ್ಯಲು ಕೆಳಗಿನ ಬ್ಲಾಕಿಗೆ ಇಳಿದಿತ್ತು. ಸಲಗ ಅಲ್ಲೇ ಬೈನೆ ಮರದ ಹಿಂದೆ ನಿಂತಿತ್ತು. ಹದಿಮೂರು ಜನ ಮೇಲಕ್ಕೆ ಓಡಿ ಬಚಾವಾದರು. ಗಂಗಾಮಣಿ ತೋಟದಲ್ಲಿ ನೀರಿಂಗಲು ತೋಡಿದ್ದ ತೊಟ್ಟಿಲುಗುಂಡಿಗೆ ಬಿದ್ದಳು, ಹೊಟ್ಟೆಗೆ ಕಟ್ಟಿಕೊಂಡ ಹಣ್ಣಿನ ಚೀಲದ ಸಮೇತ. ಆನೆ ಅವಳ ಮೇಲೆ ಒಂದು ಕಾಲಿಟ್ಟು ದಾಟಿಹೋಯಿತು. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು, ಜೀವ ಇತ್ತು. ಜೀಪಿನಲ್ಲಿ ಸಕಲೇಶಪುರಕ್ಕೆ, ಅಲ್ಲಿಂದ ಹಾಸನಕ್ಕೆ ಕಳಿಸಿದರು. ಹಾಸನದ ಆಸ್ಪತ್ರೆಗೆ ಫೋನು ಮಾಡಿ ತಿಳಿಸಿದ್ದು ನಾನು. ಸಿಟ್ಟೆಲ್ಲ ಮಿಷನ್ನಿನ ಮೇಲೆ.

ಸಭೆ ಮುಂದಕ್ಕೆ ಹಾಕುತ್ತಾರೆ ಎಂದುಕೊಂಡಿದ್ದೆ. ದೂರದಿಂದ ಬಂದವರಿದ್ದಾರೆ, ಚುಟುಕಾಗಿ ಮುಗಿಸೋಣ ಎಂದರು ಚನ್ನಬಸವಯ್ಯ. ಹನ್ನೊಂದಕ್ಕೆ ಶುರುವಾಯಿತು. ಅಭಿಲಾಷನ ಮುಖ ಬಿಳಿಚಿಕೊಂಡಿತ್ತು, ಆದರೆ ಕಂಪನಿಯವರು ತಯಾರಿಸಿಕೊಟ್ಟದ್ದನ್ನು ತೋರಿಸಲೇಬೇಕಿತ್ತು. ಗೋಡೆಯ ಮೇಲೆ ಒಂದು ಗ್ರಾಫು ಮೂಡಿತು. ಏಳು ವಾರದಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಬಳಕೆ. ಸೋಮವಾರ ಮತ್ತು ಶುಕ್ರವಾರ ಆನೆಗಳ ಓಡಾಟ ಜಾಸ್ತಿ. ಹುಣ್ಣಿಮೆಯಾದ ನಾಲ್ಕನೆಯ ದಿನ ಎರಡು ತಿಂಗಳೂ ಗ್ರಾಫು ಮುಗಿಲು ಮುಟ್ಟಿದೆ, ಬೆಳದಿಂಗಳಿಗೂ ಆನೆಗಳ ಚಲನೆಗೂ ಸಂಬಂಧವಿರುವಂತಿದೆ, ಇದರ ಬಗ್ಗೆ ಹೆಚ್ಚಿನ ಅಧ್ಯಯನ ಆಗಬೇಕು. ಐವರು ಪ್ಲಾಂಟರುಗಳು ಗಂಭೀರವಾಗಿ ತಲೆಯಾಡಿಸಿದರು. ಸಂಕಷ್ಟಿಗೆ ಉಪವಾಸ ಮಾಡುವ ಹೆಂಡತಿಯರು ಐವರ ಮನೆಯಲ್ಲೂ ಇದ್ದಾರೆ.

ಆಗ ಹುಲಿಯಮ್ಮ ಬಂದಳು. ಜೀಪಿನಲ್ಲಿ ಜಾಗವಿಲ್ಲದೆ ಹಿಂದೆ ಉಳಿದಿದ್ದಳು. ಸೆರಗಿನಲ್ಲಿ ರಕ್ತ ಒಣಗಿತ್ತು. ಅವತ್ತಿನಂತೆಯೇ ಬಾಗಿಲಲ್ಲಿ ನಿಂತಳು, ಯಾರೂ ಒಳಗೆ ಕರೆಯಲಿಲ್ಲ.

"ಅಯ್ಯಾವ್ರೆ, ಮಿಷನ್ನು ಹೇಳ್ಬೇಕಾಗಿತ್ತಲ್ವ? ಯಾಕ್ ಹೇಳ್ಲಿಲ್ಲ?"

"ಯಾರೂ ನೋಡ್ಲಿಲ್ಲ ಕಣಮ್ಮ, ನೋಡಿದ್ರೆ ಒತ್ತಿರೋರು," ಎಂದರು ಚನ್ನಬಸವಯ್ಯ. ಆಮೇಲೆ ಸಭೆಯ ಕಡೆ ತಿರುಗಿ, "ನಮ್ ಜನಕ್ಕೆ ಎಂಥಾ ಮಿಷನ್ನು ಕೊಟ್ರೂ ಅಷ್ಟೇ ಕಣ್ರೀ. ಒತ್ತಬಾರದಾಗ ಒತ್ತೋದು, ಒತ್ತಬೇಕಾದಾಗ ಸುಮ್ನಿರೋದು" ಎಂದರು.

ನನಗೆ ಇನ್ನು ತಡೆಯಲಾಗಲಿಲ್ಲ. ನೋಟ್‌ಬುಕ್ ಹಿಡಿದು ಎದ್ದು ನಿಂತೆ. ಜನರದ್ದಲ್ಲ ತಪ್ಪು, ನಿಮ್ಮದು ಎಂದೆ. ಡಿಸೆಂಬರ್ ಐದರಿಂದ ಶುರು ಮಾಡಿ ಓದಿದೆ. ಹುಲಿಯಮ್ಮ, ಚಪ್ಪಲಿ ಬಿಟ್ಟಳು, ಎರಡೂ ಕೈ, ಕಣ್ಣಿಗೊತ್ತಿಕೊಂಡಳು. ಗಂಗಾಮಣಿ, ಹಾಗೇ, ಒಂದು ಸೇವಂತಿಗೆ. ನಿಮ್ಮ ಗ್ರಾಫಿನಲ್ಲಿರುವುದು ಆನೆಯಲ್ಲ, ನಮಸ್ಕಾರ ಎಂದೆ. ನೀವೇ ಪೂಜೆ ಮಾಡಿಸಿದಿರಿ, ನೀವೇ ಚಪ್ಪಲಿ ಬಿಟ್ಟು ಪಾದ ಮುಟ್ಟಿ ತೋರಿಸಿದಿರಿ, ನೋಡಿದವರು ಕಲಿತರು ಎಂದೆ. ಚನ್ನಬಸವಯ್ಯನವರ ತಲೆ ತಗ್ಗಿತು. ಐವರ ಮುಖವೂ ನಾನು ಬಯಸಿದಂತೆಯೇ ಆಯಿತು. ಅಭಿಲಾಷ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಮೇಡಂ, ಚಿತ್ರ ಚೇಂಜ್ ಮಾಡೋದು ಹತ್ತು ನಿಮಿಷದ ಕೆಲಸ," ಎಂದ. ಸಣ್ಣ ದನಿಯಲ್ಲಿ ಅಂದದ್ದು, ಆದರೆ ನಾನು ನಿಲ್ಲಿಸಲಿಲ್ಲ. ಏಳು ವಾರ ಕಾದವಳು ನಾನು. ಕೊನೆಯ ಪುಟಕ್ಕೆ ಬಂದೆ, ಅವತ್ತಿನ ತಾರೀಖು, ಅದನ್ನೂ ಗಟ್ಟಿಯಾಗಿ ಓದಿದೆ.

"ಆರೂ ನಲವತ್ತು. ಹೊಳೆಯಾಚೆಯ ಲಕ್ಕಪ್ಪ. ಸೈಕಲ್ಲಿನಲ್ಲಿ ಬಂದ. ಚಪ್ಪಲಿ ಬಿಡಲಿಲ್ಲ. ಕೈ ಮುಗಿಯಲಿಲ್ಲ. ಒಂದೇ ಬೆರಳಿನಿಂದ ಒಂದು ಸಲ ಒತ್ತಿದ. ನನ್ನ ಕಿಟಕಿಯ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ."

ಓದಿ ಮುಗಿಸಿದ ಮೇಲೆ, ಓದಿದ್ದೇನೆಂದು ನನಗೆ ಕೇಳಿಸಿತು. ಅಧ್ಯಕ್ಷರನ್ನು ಬಿಟ್ಟರೆ ಏಳು ವಾರದಲ್ಲಿ ಆ ಮಿಷನ್ನಿಗೆ ಕೈ ಮುಗಿಯದೆ ಒಂದು ಬೆರಳಿನಿಂದ ಒತ್ತಿದವನು ಅವನೊಬ್ಬನೇ. ಅದು ವಿಚಿತ್ರವೆಂದೇ ಅಷ್ಟು ವಿವರವಾಗಿ ಬರೆದುಕೊಂಡಿದ್ದೆ. ಕಿಟಕಿ ತೆಗೆದು, ಏನೋ ಲಕ್ಕಪ್ಪ, ಎಲ್ಲಿ ಐತೋ ಎಂದು ಒಂದು ಮಾತು ಕೇಳಿರಲಿಲ್ಲ. ಆಮೇಲೆ ಒಂದೂವರೆ ಗಂಟೆ ನನ್ನ ಕೈಯಳತೆಯಲ್ಲಿ ಫೋನಿತ್ತು.

ಸಭೆಯಲ್ಲಿ ಇದು ಯಾರಿಗೂ ಹೊಳೆಯಲಿಲ್ಲ. ಅಭಿಲಾಷ್ ಪೆನ್ನಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದ, ಅಧ್ಯಕ್ಷರು ಗ್ರಾಫಿನ ಕಡೆ ನೋಡುತ್ತಿದ್ದರು. ಬಾಗಿಲಲ್ಲಿದ್ದವಳಿಗೆ ಮಾತ್ರ ಹೊಳೆಯಿತು.

"ಲಕ್ಕಪ್ಪಣ್ಣ ಬಂದಿದ್ನಾ?" ಎಂದಳು ಹುಲಿಯಮ್ಮ. "ಅವ್ನ ಗದ್ದೆ ಹೊಳೆ ತಾವೇ ಐತೆ. ಕೆಳಗಿನ ಬ್ಲಾಕು ಅವ್ನಿಗೆ ಎದ್ರಿಗೇ ಐತೆ. ಮಂಜಿದ್ರೂ ಆನೆ ಬೈನೆ ಮುರಿಯಾ ಸದ್ದು ಕೇಳ್ತೈತೆ."

ನಾನು ನೋಟ್‌ಬುಕ್ ಮುಚ್ಚಿದೆ. ಊರಿನಲ್ಲಿ ಬಾಯಿ ಜೋರು ಎಂದು ಹೆಸರಿದ್ದವಳು.

"ನೀವು ನೋಡ್ಕಂಡು, ಬರ್ಕಂಡ್ರಾ ಅಮ್ಮೋರೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದ್ದನ್ನು ಕೇಳುವವಳ ದನಿ. ನಾನು ಹೂಂ ಎಂದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಹಾಸನದ ಬಸ್ಸು ಎಷ್ಟು ಹೊತ್ತಿಗಿದೆ ಎಂದು ನನ್ನನ್ನು ಬಿಟ್ಟು ಅಭಿಲಾಷನನ್ನು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹನ್ನೆರಡೂ ಹತ್ತಕ್ಕೆ. ಹೇಳುವಷ್ಟರಲ್ಲಿ ಅವಳು ಮೆಟ್ಟಿಲು ಇಳಿದಿದ್ದಳು.